ಚಾಲೂ ಅದ, ಚಾಲೂ ಮಾಡು

ಸುಟ್ಟ ಮೋಟಾರ್ ಬಿಚ್ಚಿದ ಕೂಡಲೇ ಬರುವ ವಾಸನೆಯಿಂದಲೇ ಅದು ಬಾವಿ ದಂಡೆಯದೋ ಬೋರಿನೊಳಗಿನದೋ ಹೇಳಬಹುದು. ದಂಡೆಯ ಮೋಟಾರಿನದು ವಾರ್ನಿಷ್ ಸೀದ ವಾಸನೆ, ಬೆಲ್ಲದ ಪಾಕ ತಳ ಹತ್ತಿದ ಹಾಗೆ. ಬೋರಿನ ಮೋಟಾರಿನದು ತಂತಿಯ ಮೇಲಿನ ಪ್ಲಾಸ್ಟಿಕ್ ಕರಗಿದ ವಾಸನೆ, ಗಂಟಲು ಹಿಡಿಯುತ್ತದೆ. 2022ರ ಮಾರ್ಚ್ ತಿಂಗಳಲ್ಲಿ ಆಳಂದ ತಾಲೂಕಿನಿಂದ ನನ್ನ ಅಕ್ಕನ ಮಗ ಟಂಟಂನಲ್ಲಿ ಹಾಕಿಕೊಂಡು ಅಫಜಲಪುರದ ನನ್ನ ಅಂಗಡಿಗೆ ತಂದ ಏಳೂವರೆ ಎಚ್‌ಪಿ ಮೋಟಾರ್ ಎರಡನೆಯ ಜಾತಿಯದು. ಸ್ಲಾಟುಗಳಲ್ಲಿ ತಂತಿ ಒಂದಕ್ಕೊಂದು ಅಂಟಿ ಕರ್ರಗಿನ ಮುದ್ದೆಯಾಗಿತ್ತು. ಉಳಿ ಇಟ್ಟು ಬಡಿದು ಬಡಿದು ತೆಗೆಯಬೇಕಾಯಿತು.

ಅಳಿಯ ಬೆಂಚಿನ ಮೇಲೆ ಕೂತು ಒಂದೇ ಮಾತು ಹೇಳುತ್ತಿದ್ದ: “ಮಾಮಾ, ಬಂದ್ ಅದ ಅಂತೇ ತಿಳ್ಕೊಂಡಿದ್ದೆ. ಫೋನಿನ್ಯಾಗ ಕೆಂಪಗ ಇತ್ತು. ಆಫ್ ಅಂತ ಬರದಿತ್ತು.”

ಫೋನ್ ಇಸಿದುಕೊಂಡು ನೋಡಿದೆ. ಹೊಲದ ಸ್ಟಾರ್ಟರನ್ನು ದೂರದಿಂದ ನಡೆಸುವ ಆಪ್. ಪರದೆಯ ನಡುವೆ ಒಂದು ದುಂಡನೆಯ ಗುಂಡಿ, ಬೇರೆ ಏನೂ ಇಲ್ಲ. ಮೋಟಾರ್ ಓಡುತ್ತಿರುವಾಗ ಗುಂಡಿ ಕೆಂಪಾಗಿ ‘ಆಫ್’ ಎಂದು ತೋರಿಸುತ್ತದೆ. ನಿಂತಾಗ ಹಸಿರಾಗಿ ‘ಆನ್’ ಎಂದು ತೋರಿಸುತ್ತದೆ. ಮಾಡಿದವರ ಲೆಕ್ಕ ಸರಳ: ಇದನ್ನು ಒತ್ತಿದರೆ ಆಫ್ ಆಗುತ್ತದೆ. ಅಳಿಯನ ಲೆಕ್ಕವೂ ಅಷ್ಟೇ ಸರಳ: ಆಫ್ ಅಂತ ಇದೆ, ಅಂದರೆ ಆಫ್ ಆಗಿದೆ. ಹೆಂಡತಿಯನ್ನು ಆಸ್ಪತ್ರೆಗೆ ಸೇರಿಸಿ ಎರಡು ದಿನ ಕಲಬುರಗಿಯಲ್ಲಿದ್ದವನು ನಡುನಡುವೆ ಫೋನ್ ತೆಗೆದು ನೋಡಿ, ಕೆಂಪು ಕಂಡು, ಸಮಾಧಾನದಿಂದ ಜೇಬಿನಲ್ಲಿ ಇಟ್ಟುಕೊಂಡಿದ್ದಾನೆ. ಅತ್ತ ಬೋರಿನ ನೀರು ಇಳಿದು, ಮೋಟಾರ್ ಒಣಗಿ ಓಡಿ ಸುಟ್ಟಿದೆ. ಅವನು ಓದಿದ್ದು ತಪ್ಪಲ್ಲ. ಅಲ್ಲಿ ಬರೆದ ಮಾತೇ ಅರ್ಧದ್ದು. ಇದನ್ನೇ ಹೇಳಬೇಕೆಂದು ಈ ಬರಹ.

ಅವತ್ತಿನಿಂದ ನನಗೆ ಒಂದು ಹುಚ್ಚು ಹತ್ತಿತು. ನಮ್ಮ ಕಡೆ ನೀರೆತ್ತುವವರು, ಕರೆಂಟ್ ನೋಡುವವರು, ರೈಲು ನಡೆಸುವವರು ‘ನಡೆದಿದೆ’, ‘ನಿಂತಿದೆ’ ಅನ್ನುವುದನ್ನು ಒಬ್ಬರಿಗೊಬ್ಬರು ಹೇಗೆ ತಿಳಿಸಿಕೊಂಡು ಬಂದರು ಎಂದು ಹಿಂದಕ್ಕೆ ಹಿಂದಕ್ಕೆ ನೆನೆಯುತ್ತ ಹೋದೆ.

ನಮ್ಮ ಮೂಲ ಊರು ಜೇವರ್ಗಿ ತಾಲೂಕಿನಲ್ಲಿ, ಭೀಮಾ ದಂಡೆಗೆ. ಮುತ್ಯಾನ ಕಾಲಕ್ಕೆ ಎತ್ತು ಹೂಡಿ ಚರ್ಮದ ಚೀಲದಿಂದ ಬಾವಿಯ ನೀರು ಎತ್ತುತ್ತಿದ್ದರು. ಎತ್ತು ಇಳಿಜಾರಿನಲ್ಲಿ ನಡೆದರೆ ನೀರು ಬರುತ್ತದೆ, ನಿಂತರೆ ನಿಲ್ಲುತ್ತದೆ. ಗಾಲಿಯ ಕಿರ್‍ರೆಂಬ ಸಪ್ಪಳ ಪಕ್ಕದ ಹೊಲಕ್ಕೂ ಕೇಳುತ್ತಿತ್ತು. ಅಪ್ಪನ ಕಾಲಕ್ಕೆ ಡೀಸೆಲ್ ಇಂಜಿನ್ ಬಂತು. ನಾನು ಸಣ್ಣವನಿದ್ದಾಗ ಹೊಳೆ ದಂಡೆಯಲ್ಲಿ ನಾಲ್ಕೈದು ಇಂಜಿನ್ ಒಟ್ಟಿಗೆ ಬಡಿಯುತ್ತಿದ್ದವು. ಅಪ್ಪ ಮನೆಯ ಕಟ್ಟೆಯ ಮೇಲೆ ಕೂತು ಅವುಗಳಲ್ಲಿ ನಮ್ಮದು ಯಾವುದು ಎಂದು ಗುರುತಿಸುತ್ತಿದ್ದ. ಸಪ್ಪಳ ಭಾರವಾದರೆ “ಫುಟ್‌ವಾಲ್ವ್‌ಗೆ ಕಸ ಸಿಕ್ಕದ, ಹೋಗಿ ನೋಡು” ಅನ್ನುವನು. ಆಗ ದೀಪ, ಬಣ್ಣ, ಗುರುತು ಯಾವುದೂ ಬೇಕಿರಲಿಲ್ಲ. ಯಂತ್ರವೇ ತನ್ನ ಸುದ್ದಿ ತಾನು ಹೇಳುತ್ತಿತ್ತು.

1957ರಲ್ಲಿ ಮೈಸೂರು ರಾಜ್ಯ ವಿದ್ಯುತ್ ಮಂಡಳಿ ಆಯಿತು. 1973ರಲ್ಲಿ ರಾಜ್ಯದ ಹೆಸರು ಬದಲಾದ ಮೇಲೆ ಅದೇ ಕೆಇಬಿ. 1999ರಲ್ಲಿ ಅದು ನಿಗಮವಾಯಿತು, 2002ರಲ್ಲಿ ನಮ್ಮ ಭಾಗಕ್ಕೆ ಜೆಸ್ಕಾಂ ಬಂತು. ಆದರೂ ಹಳ್ಳಿಗಳಲ್ಲಿ ಇವತ್ತಿಗೂ “ಕೆಇಬಿಯವ್ರು ಬಂದಾರ” ಅಂತಲೇ ಮಾತು. ಕಂಬ ಬಂದಲ್ಲಿ ಮೋಟಾರ್ ಬಂತು, ಮೋಟಾರ್ ಬಂದಲ್ಲಿ ವೈಂಡಿಂಗ್ ಅಂಗಡಿ ಬಂತು. ಐಟಿಐ ಮುಗಿಸಿ ಎರಡು ವರ್ಷ ಸೋಲಾಪುರದಲ್ಲಿ ಕೈಕೆಲಸ ಕಲಿತು, 1979ರಲ್ಲಿ ನಾನು ಅಫಜಲಪುರದಲ್ಲಿ ಅಂಗಡಿ ಹಾಕಿದೆ. ಆಗ ಬರುತ್ತಿದ್ದ ಮೋಟಾರುಗಳೆಲ್ಲ ಬಾವಿ ದಂಡೆಯವು, ಹೊಳೆ ದಂಡೆಯವು. ಅವೂ ಸಪ್ಪಳ ಮಾಡುತ್ತಿದ್ದವು. ಇಂಜಿನ್ನಿನಷ್ಟು ಅಲ್ಲದಿದ್ದರೂ ಹತ್ತಿರ ಹೋದರೆ ಕೇಳುತ್ತಿತ್ತು. ಮೂರರಲ್ಲಿ ಒಂದು ಫೇಸ್ ಹೋದರೆ ಮೋಟಾರ್ ತಿರುಗಲಾರದೆ ಗುಂಯ್ ಅನ್ನುವ ಆ ನರಳಿಕೆ ಕೇಳಿ ಓಡಿಹೋಗಿ ಬಂದ್ ಮಾಡಿ ಮೋಟಾರ್ ಉಳಿಸಿಕೊಂಡವರು ಎಷ್ಟೋ ಜನ.

ಆಮೇಲೆ ಬೋರು ಬಂತು. ಮುನ್ನೂರು ನಾನೂರು ಅಡಿ ಆಳದಲ್ಲಿ ಕೂತ ಸಬ್‌ಮರ್ಸಿಬಲ್ ಮೋಟಾರಿಗೆ ಸಪ್ಪಳವೇ ಇಲ್ಲ. ಮೇಲೆ ನಿಂತವನಿಗೆ ಕಾಣುವುದು ಒಂದು ಪೈಪು, ಒಂದು ಕೇಬಲ್ಲು, ಗೋಡೆಗೆ ಹೊಡೆದ ಒಂದು ಪೆಟ್ಟಿಗೆ. ನನ್ನ ಕಸುಬಿನ ಚರಿತ್ರೆಯಲ್ಲಿ ಎಲ್ಲಕ್ಕಿಂತ ದೊಡ್ಡ ತಿರುವು ಇದೇ ಎಂದು ನನಗೆ ಅನಿಸುತ್ತದೆ. ಕಿವಿಗೆ ಕೆಲಸ ತಪ್ಪಿತು. ಮೋಟಾರ್ ಓಡುತ್ತಿದೆಯೋ ಇಲ್ಲವೋ ಅನ್ನುವುದಕ್ಕೆ ಪೆಟ್ಟಿಗೆಯ ಮೇಲಿನ ಗುರುತನ್ನೇ ನಂಬಬೇಕಾಯಿತು.

ಆ ಪೆಟ್ಟಿಗೆಯನ್ನು ಒಂದು ಸಲ ಹತ್ತಿರದಿಂದ ನೋಡಬೇಕು. ರೈತರು ‘ಎಂಕೆ ಒನ್’ ಎಂದು ಕರೆಯುವ ಸ್ಟಾರ್ಟರನ್ನೇ ತೆಗೆದುಕೊಳ್ಳಿ. ಬೂದು ಬಣ್ಣದ ಡಬ್ಬಿ, ಮುಂದೆ ಎರಡು ಗುಂಡಿ. ಹಸಿರು ಗುಂಡಿ ಒಳಕ್ಕೆ ಕೂತಿರುತ್ತದೆ; ಬೆರಳು ತೂರಿಸಿ ಒತ್ತಬೇಕು, ಅಂದರೆ ಬೇಕಂತಲೇ ಒತ್ತಬೇಕು. ಕೆಂಪು ಗುಂಡಿ ಹೊರಕ್ಕೆ ಚಾಚಿರುತ್ತದೆ. ಕತ್ತಲಲ್ಲಿ, ಗಾಬರಿಯಲ್ಲಿ, ಒದ್ದೆ ಅಂಗೈಯಿಂದ ಬಡಿದರೂ ಮೋಟಾರ್ ನಿಲ್ಲಬೇಕು. ಯಾರು ಯೋಚಿಸಿದರೋ, ಕೈಗೆ ತಿಳಿಯುವ ಹಾಗೆ ಮಾಡಿದ್ದಾರೆ. ಆದರೆ ಈ ಗುಂಡಿಗಳಿಗೆ ನೆನಪಿಲ್ಲ. ಒತ್ತಿ ಬಿಟ್ಟರೆ ಸ್ಪ್ರಿಂಗು ಅದನ್ನು ಮೊದಲಿದ್ದ ಜಾಗಕ್ಕೇ ತರುತ್ತದೆ. ಒಳಗಿನ ಕಾಂಟ್ಯಾಕ್ಟರ್ ತನ್ನನ್ನು ತಾನೇ ಹಿಡಿದುಕೊಂಡು ಕರೆಂಟ್ ಹರಿಸುತ್ತದೆ. ಹಳೆಯ ಮೇನ್ ಸ್ವಿಚ್ಚಿನ ಹಿಡಿ ಹಾಗಲ್ಲ, ಎತ್ತಿದ ಕಡೆ ನಿಲ್ಲುತ್ತದೆ. ಅದು ಅಪ್ಪಣೆಯನ್ನೂ ತೆಗೆದುಕೊಳ್ಳುತ್ತದೆ, ಈಗಿನ ಸ್ಥಿತಿಯನ್ನೂ ತೋರಿಸುತ್ತದೆ. ಒತ್ತುಗುಂಡಿ ಅಪ್ಪಣೆಯನ್ನು ಮಾತ್ರ ತೆಗೆದುಕೊಳ್ಳುತ್ತದೆ. ಅದಕ್ಕೇ ಸ್ಥಿತಿ ತೋರಿಸಲು ಬೇರೆ ದೀಪ ಬೇಕಾಯಿತು.

ದೀಪದ ಬಣ್ಣದಲ್ಲಿ ನಾನೂ ಪಾಪ ಕಟ್ಟಿಕೊಂಡಿದ್ದೇನೆ. ನಮಗೆ ಪಾಠದಲ್ಲಿ ಹೇಳಿಕೊಟ್ಟದ್ದು ಸಬ್‌ಸ್ಟೇಷನ್ ಪದ್ಧತಿ: ಬ್ರೇಕರ್ ಹಾಕಿದ್ದರೆ, ಅಂದರೆ ಕರೆಂಟ್ ಹರಿಯುತ್ತಿದ್ದರೆ, ಕೆಂಪು ದೀಪ, ತೆಗೆದಿದ್ದರೆ ಹಸಿರು. ಅಲ್ಲಿ ಕೆಂಪು ಅಂದರೆ ಜೀವಂತ ಲೈನು, ಮುಟ್ಟಿದರೆ ಹೋದೆ ಎಂದರ್ಥ. ಲೈನ್‌ಮನ್ನರಿಗೆ ಇದು ಒಪ್ಪುವ ಮಾತು, ಏಕೆಂದರೆ ಅವರ ಅಪಾಯ ಕರೆಂಟ್ ಇರುವುದರಲ್ಲಿದೆ. ಅದನ್ನೇ ನಾನು 80ರ ದಶಕದಲ್ಲಿ ರೈತರ ಪ್ಯಾನೆಲ್ಲುಗಳಿಗೂ ಹಾಕಿಕೊಟ್ಟೆ. ಮೋಟಾರ್ ಓಡುತ್ತಿದ್ದರೆ ಕೆಂಪು ದೀಪ. ಅದರ ಕೆಳಗೆ ಒಂದು ಗೇಣಿನಲ್ಲಿ ನಿಲ್ಲಿಸುವ ಕೆಂಪು ಗುಂಡಿ. ಒಂದೇ ಡಬ್ಬಿಯಲ್ಲಿ ಒಂದು ಕೆಂಪು ‘ಓಡುತ್ತಿದೆ’ ಅನ್ನುತ್ತಿತ್ತು, ಇನ್ನೊಂದು ಕೆಂಪು ‘ನಿಲ್ಲಿಸು’ ಅನ್ನುತ್ತಿತ್ತು. ಅದೂ ಸಾಲದೆಂದು ಮೂರು ಫೇಸಿನ ದೀಪಗಳು: ಕೆಂಪು, ಹಳದಿ, ನೀಲಿ. ಅಲ್ಲಿ ಕೆಂಪು ಅಂದರೆ ಆರ್ ಫೇಸ್ ಬಂದಿದೆ ಅಂತ ಮಾತ್ರ, ಮೋಟಾರಿಗೂ ಅದಕ್ಕೂ ಸಂಬಂಧವಿಲ್ಲ. ಒಂದು ಅಡಿ ಜಾಗದಲ್ಲಿ ಕೆಂಪಿಗೆ ಮೂರು ಅರ್ಥ. ರೈತರು ಬೈಯಲಿಲ್ಲ. ತಾವೇ ಒಂದು ದಾರಿ ಕಂಡುಕೊಂಡರು: ಫೇಸಿನ ದೀಪ ನೋಡಿ “ಮೂರೂ ಉರಿಲತ್ತಾವ”, ನೀರು ಬಂದದ್ದು ನೋಡಿ “ಓಡ್ಲತ್ತದ”. ನಾನು ಹಾಕಿಕೊಟ್ಟ ಕೆಂಪು ದೀಪವನ್ನು ನೋಡುವುದನ್ನೇ ಬಿಟ್ಟರು.

ಈ ಗೊಂದಲ ನಮ್ಮ ಕಸುಬಿನದೊಂದೇ ಅಲ್ಲ ಎಂದು ನನಗೆ ಮೊದಲು ತೋರಿಸಿದವನು ನಮ್ಮ ಕಾಕಾ. ಅವನು ಗಾಣಗಾಪುರ ರೋಡ್ ಸ್ಟೇಷನ್ನಿನಲ್ಲಿ ಪಾಯಿಂಟ್ಸ್‌ಮನ್. ದತ್ತಾತ್ರೇಯನ ದರ್ಶನಕ್ಕೆ ದೇವಲ ಗಾಣಗಾಪುರಕ್ಕೆ ಹೋಗುವವರು ಇಳಿಯುವ ಸ್ಟೇಷನ್ ಅದು. ಸೋಲಾಪುರದಿಂದ ವಾಡಿ ಕಡೆ ಹೋಗುವ ಹಳಿಯ ಮೇಲಿದೆ. ಮುಂಬಯಿ ಕಡೆಯಿಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯವರು ಹಾಕಿಕೊಂಡು ಬಂದ ಈ ದಾರಿ 1871ರಲ್ಲಿ ರಾಯಚೂರಿನಲ್ಲಿ ಮದ್ರಾಸ್ ರೈಲ್ವೆಯನ್ನು ಕೂಡಿತು. ರಜೆಯಲ್ಲಿ ಕಾಕಾನ ಹತ್ತಿರ ಹೋದಾಗ ಕೈಮರದ ಸಿಗ್ನಲ್ ನೋಡುತ್ತ ಕೂಡುವುದು ನನ್ನ ಕೆಲಸ. ಕೈ ಅಡ್ಡ ಇದ್ದರೆ ಗಾಡಿ ನಿಲ್ಲಬೇಕು, ಕೆಳಗೆ ಬಾಗಿದರೆ ಬರಬಹುದು. “ಸಿಗ್ನಲ್ ಬಿತ್ತು” ಅಂದರೆ ಸಾಕು, ಪ್ಲಾಟ್‌ಫಾರ್ಮಿನ ಮಂದಿಯೆಲ್ಲ ಗಂಟುಮೂಟೆ ಎತ್ತಿಕೊಳ್ಳುತ್ತಿದ್ದರು.

ಆದರೆ ಕಾಕಾ ಮತ್ತು ಸ್ಟೇಷನ್ ಮಾಸ್ತರರು ತಮ್ಮತಮ್ಮಲ್ಲಿ ಆಡುವ ಮಾತು ಬೇರೆ ಇತ್ತು. ಕೈ ಅಡ್ಡ ಇರುವುದಕ್ಕೆ ಅವರು ‘ಆನ್’ ಅನ್ನುತ್ತಿದ್ದರು, ಬಾಗಿದ್ದಕ್ಕೆ ‘ಆಫ್’. ಸಿಗ್ನಲ್ ಆಫ್ ಆದರೆ ಗಾಡಿ ಬರುತ್ತದೆ, ಆನ್ ಆದರೆ ನಿಲ್ಲುತ್ತದೆ. ಕರೆಂಟಿನ ವಿದ್ಯೆ ಕಲಿಯುತ್ತಿದ್ದ ನನಗೆ ಇದು ತಲೆಕೆಳಗಾಗಿ ಕಂಡಿತು. ಕಾಕಾ ತಿಳಿಸಿ ಹೇಳಿದ: “ತಡೆ ಆನ್ ಅದ ಅಂತ ತಿಳಕೋ. ತಡೆ ತೆಗದ್ರ ಆಫ್.” ತಂತಿ ಕಡಿದರೂ ಭಾರದ ಕಲ್ಲು ಕೈಯನ್ನು ಅಡ್ಡಕ್ಕೇ ತಂದು ನಿಲ್ಲಿಸುವ ಹಾಗೆ ಮಾಡಿರುತ್ತಾರೆ, ಗೊತ್ತಿಲ್ಲದಾಗ ನಿಲ್ಲಲಿ ಅಂತ. ಈ ಬುದ್ಧಿ ರಕ್ತ ಸುರಿದು ಬಂದದ್ದು. ಇಂಗ್ಲೆಂಡಿನ ಆಬಟ್ಸ್ ರಿಪ್ಟನ್ ಎಂಬಲ್ಲಿ 1876ರ ಜನವರಿ 21ರಂದು ಹಿಮ ಬಿದ್ದು ಸಿಗ್ನಲ್ ಕೈಗಳು ‘ದಾರಿ ಇದೆ’ ಎಂಬಲ್ಲೇ ಹೆಪ್ಪುಗಟ್ಟಿ ನಿಂತವು. ಒಳಗೆ ಕೂತವನು ಹಿಡಿ ಸರಿಸಿ ‘ನಿಲ್ಲು’ ಅಂದಿದ್ದ, ಹೊರಗೆ ಕೈ ‘ಬಾ’ ಅನ್ನುತ್ತಿತ್ತು. ಗಾಡಿಗೆ ಗಾಡಿ ಬಡಿದವು. ಅಪ್ಪಣೆ ಕೊಟ್ಟದ್ದೇ ಬೇರೆ, ಆದದ್ದೇ ಬೇರೆ. ಆಮೇಲೆಯೇ ಅಲ್ಲಿ ಸಿಗ್ನಲ್ ಮಾಮೂಲಾಗಿ ಅಡ್ಡ ಇರಬೇಕು, ಗಾಡಿ ಬಂದಾಗ ಮಾತ್ರ ಇಳಿಯಬೇಕು ಎಂಬ ಪದ್ಧತಿ ಗಟ್ಟಿಯಾಯಿತು.

ಕಾಕಾನ ಕೋಣೆಯಲ್ಲೇ ಕೇಳಿದ ಇನ್ನೊಂದು ಮಾತು ‘ಲೈನ್ ಕ್ಲಿಯರ್’. ಮುಂದಿನ ಸ್ಟೇಷನ್ನಿನವರು ಗಂಟೆ ಬಾರಿಸಿ ಲೈನ್ ಕ್ಲಿಯರ್ ಕೊಟ್ಟರೆ ಗಾಡಿ ಬಿಡಬಹುದು ಎಂದರ್ಥ. ಮುಂದೆ ನನ್ನ ಅಂಗಡಿಗೆ ಬರುವ ಲೈನ್‌ಮನ್ನರ ಬಾಯಲ್ಲೂ ಅದೇ ಮಾತು: “ಎಲ್‌ಸಿ ತಗೊಂಡೇವ್ರಿ.” ಎಲ್‌ಸಿ ಅಂದರೂ ಲೈನ್ ಕ್ಲಿಯರ್ರೇ. ಆದರೆ ಇವರಿಗೆ ಅದರ ಅರ್ಥ ಕರೆಂಟ್ ತೆಗೆದಿದ್ದಾರೆ, ಲೈನಿನಲ್ಲಿ ಏನೂ ಬರುವುದಿಲ್ಲ, ಕಂಬ ಹತ್ತಬಹುದು. ರೈಲಿನವರ ಲೈನ್ ಕ್ಲಿಯರ್ ಆದರೆ ಹಳಿ ಬಿಟ್ಟು ದೂರ ನಿಲ್ಲಬೇಕು. ಕರೆಂಟಿನವರ ಲೈನ್ ಕ್ಲಿಯರ್ ಆದರೆ ತಂತಿಗೆ ಕೈ ಹಾಕಬೇಕು. ಎರಡು ಮನೆತನದವರು ಒಂದೇ ಮಾತನ್ನು ಎದುರುಬದುರು ಅರ್ಥದಲ್ಲಿ ಆಡಿಕೊಂಡೂ ದಿನವೂ ಜೀವ ಉಳಿಸಿಕೊಳ್ಳುತ್ತಿದ್ದಾರೆ. ಹೇಗೆಂದರೆ, ಇಬ್ಬರೂ ಆ ಮಾತೊಂದನ್ನೇ ನಂಬುವುದಿಲ್ಲ. ಲೈನ್‌ಮನ್ ಎಲ್‌ಸಿ ಪಡೆದ ಮೇಲೂ ಅರ್ಥಿಂಗ್ ರಾಡ್ ಹಾಕಿ ತಂತಿಯನ್ನು ನೆಲಕ್ಕೆ ಕಟ್ಟುತ್ತಾನೆ, ಸ್ವಿಚ್ಚಿಗೆ ‘ಕೆಲಸ ನಡೆದಿದೆ, ಹಾಕಬೇಡಿ’ ಎಂದು ಫಲಕ ತೂಗಹಾಕುತ್ತಾನೆ. ನಡೆದಿದೆ: ಇದು ಸ್ಥಿತಿ. ಹಾಕಬೇಡಿ: ಇದು ಅಪ್ಪಣೆ. ಎರಡೂ ಬೇರೆ ಬೇರೆ ಮಾತಿನಲ್ಲಿವೆ, ಎರಡಕ್ಕೂ ಅದರದರ ಕ್ರಿಯಾಪದ ಇದೆ. ಡಬಲ್ ಲೈನಿನ ರೈಲಿನವರ ಬ್ಲಾಕ್ ಯಂತ್ರದ ಮುಳ್ಳಿಗಂತೂ ಎರಡಲ್ಲ, ಮೂರು ಜಾಗ: ಲೈನ್ ಕ್ಲೋಸ್ಡ್, ಲೈನ್ ಕ್ಲಿಯರ್, ಟ್ರೇನ್ ಆನ್ ಲೈನ್. ಮುಚ್ಚಿದೆ, ಬರಬಹುದು, ಬಂದಿದೆ.

ಆ ಮೂರನೆಯ ಜಾಗ ನಮ್ಮ ರೈತರಿಗೂ ಬೇಕು. ನಮ್ಮ ಕಡೆ ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟ್ ದಿನಕ್ಕೆ ಇಂತಿಷ್ಟೇ ತಾಸು, ಅದೂ ಒಂದು ವಾರ ಹಗಲು, ಒಂದು ವಾರ ರಾತ್ರಿ. ಅದಕ್ಕೇ ಸ್ಟಾರ್ಟರಿಗೆ ‘ಆಟೋ’ ಜೋಡಿಸಿದರು, ಕರೆಂಟ್ ಬಂದ ಕೂಡಲೇ ತಾನೇ ಚಾಲೂ ಆಗುತ್ತದೆ. ಈಗ ಮೋಟಾರ್ ನಿಂತಿದೆ, ಆದರೆ ಬಂದ್ ಇಲ್ಲ. “ಚಾಲೂ ಇಟ್ಟೀನಿ, ಕರೆಂಟಿಲ್ಲ” ಅನ್ನುತ್ತಾರೆ. ಈ ಮಾತಿನಲ್ಲಿ ಮೂರೂ ಸಂಗತಿ ಬಂದುಬಿಟ್ಟವು: ನಾನು ಕೊಟ್ಟ ಅಪ್ಪಣೆ, ಈಗಿನ ಸ್ಥಿತಿ, ಅದರ ಕಾರಣ. ಬೆಂಗಳೂರಿನಲ್ಲಿ ಆಪ್ ಮಾಡುವ ಕೆಲಸದಲ್ಲಿರುವ ನನ್ನ ಮಗಳಿಗೆ ಇದನ್ನು ಹೇಳಿದಾಗ ಅವಳು ಬರೆದುಕೊಂಡಳು.

ನಮ್ಮ ಭಾಷೆಯಲ್ಲೂ ಎಡವಟ್ಟು ಇಲ್ಲದಿಲ್ಲ. ಬಾಗಿಲು ತೆಗೆ ಅಂದರೆ ದಾರಿ ಆಗುತ್ತದೆ. ಮೈಸೂರು ಕಡೆಯವರು ಲೈಟ್ ತೆಗಿ ಅಂದರೆ ಕತ್ತಲೆ ಆಗುತ್ತದೆ. ದೇವರ ದೀಪ ಆರಿಸು ಎನ್ನಲು ನಾಲಗೆ ಬಾರದೆ ‘ದೀಪ ದೊಡ್ಡದು ಮಾಡು’ ಅನ್ನುತ್ತೇವೆ. ಪರದೇಶದವನು ಕೇಳಿದರೆ ಎಣ್ಣೆ ತಂದು ಸುರಿದಾನು. ಪಂಪಿನ ಮನೆಯೊಳಗಂತೂ ಇಂಗ್ಲಿಷಿನ ‘ಓಪನ್’ ಎರಡು ನಾಲಗೆಯದು. ವಾಲ್ವ್ ಓಪನ್ ಆದರೆ ನೀರು ಹರಿಯುತ್ತದೆ, ಸ್ವಿಚ್ ಓಪನ್ ಆದರೆ ಕರೆಂಟ್ ನಿಲ್ಲುತ್ತದೆ. ಹೊಸ ಹುಡುಗರು ಅಂಗಡಿಗೆ ಕಲಿಯಲು ಬಂದಾಗ ನಾನು ಕಲಿಸುವ ಮೊದಲ ಪಾಠ ಇದು, ಏಕೆಂದರೆ ಇಲ್ಲಿ ತಪ್ಪಿದವನ ಕೈ ಹೋಗುತ್ತದೆ.

ಇಷ್ಟಾದರೂ ನಮ್ಮ ಸೀಮೆಯ ‘ಚಾಲೂ’, ‘ಬಂದ್’ ಎಂಬ ಎರಡು ಮಾತು ನನಗೆ ಬಹಳ ಪ್ರೀತಿ. 1948ರ ಸೆಪ್ಟೆಂಬರ್ 17ರ ತನಕ ನಾವು ನಿಜಾಮನ ರಾಜ್ಯದಲ್ಲಿದ್ದವರು. ಕಚೇರಿ ಭಾಷೆ ಉರ್ದು. ಪಕ್ಕದಲ್ಲಿ ಅಕ್ಕಲಕೋಟೆ, ಸೋಲಾಪುರ. ಆ ಕಡೆಯ ಸಂತೆಯ ಭಾಷೆ ಮರಾಠಿ. ಬಂದ್ ಎಂಬುದು ಫಾರ್ಸಿಯಿಂದ ಬಂತು, ಚಾಲೂ ಆಚೆಯ ಸೀಮೆಯಿಂದ ಬಂತು. ಬಂದವು ಕನ್ನಡದ ಮನೆಗೆ ಸೊಸೆಯರಾಗಿ ಕೂಡಿಕೊಂಡವು. ಕನ್ನಡ ಅವುಗಳನ್ನು ಒಂಟಿಯಾಗಿ ಎಂದೂ ಬಿಡಲಿಲ್ಲ. ‘ಚಾಲೂ’ ಅಂತ ಬರೀ ಯಾರೂ ಅನ್ನುವುದಿಲ್ಲ. ‘ಚಾಲೂ ಅದ’ ಅನ್ನುತ್ತಾರೆ, ‘ಚಾಲೂ ಮಾಡು’ ಅನ್ನುತ್ತಾರೆ, ‘ಚಾಲೂ ಆಗ್ಯದ’, ‘ಚಾಲೂ ಆಗವಲ್ದು’ ಅನ್ನುತ್ತಾರೆ. ಹಿಂದಿನ ಮಾತು ಯಾವ ದೇಶದ್ದೇ ಇರಲಿ, ಕೊನೆಗೆ ಬಂದು ಕೂಡುವ ಕನ್ನಡದ ಕ್ರಿಯಾಪದ ಇದು ಸುದ್ದಿಯೋ ಅಪ್ಪಣೆಯೋ ಅನ್ನುವುದನ್ನು ಹೇಳಿಯೇ ಬಾಯಿ ಮುಚ್ಚುತ್ತದೆ. ಭೀಮಾ ದಂಡೆಯಲ್ಲಿ ಮಳೆಗಾಲಕ್ಕೆ ಊರಿಂದ ಊರಿಗೆ ಹೋಗುವ ಸುದ್ದಿಯೂ ಹಾಗೆಯೇ: “ಉಜನಿ ಡ್ಯಾಮಿನಿಂದ ನೀರು ಬಿಟ್ಟಾರ, ಮೋಟಾರ್ ಎತ್ರಿ.” 2020ರ ಅಕ್ಟೋಬರ್‌ನಲ್ಲಿ ಹೊಳೆ ಉಕ್ಕಿ ಅಫಜಲಪುರ, ಜೇವರ್ಗಿ ತಾಲೂಕಿನ ದಂಡೆಯ ಹಳ್ಳಿಗಳು ಮುಳುಗಿದಾಗ ಈ ಮಾತು ಫೋನಿನಿಂದ ಫೋನಿಗೆ ಹರಿದು, ಎಷ್ಟೋ ಮೋಟಾರ್ ದಂಡೆ ಹತ್ತಿ ಉಳಿದವು. ಬಿಟ್ಟಾರ: ಆದದ್ದು. ಎತ್ರಿ: ಆಗಬೇಕಾದ್ದು.

ಫೋನಿನ ಗುಂಡಿಯಲ್ಲಿ ಈ ಕ್ರಿಯಾಪದವೇ ಬಿದ್ದುಹೋಗಿದೆ.

ಎಲ್ಲಿ ಬಿತ್ತು ಎಂದು ಮಗಳನ್ನು ಕೇಳಿದೆ. ಅವಳು ತನ್ನ ಕಸುಬಿನ ಕಥೆ ಹೇಳಿದಳು. 2007ರ ಮೊದಲ ಐಫೋನಿನಲ್ಲಿ ಜಾರುವ ಸ್ವಿಚ್ಚಿನ ಚಿತ್ರದೊಳಗೆ ‘ಆನ್’, ‘ಆಫ್’ ಎಂಬ ಅಕ್ಷರ ಇದ್ದವು. ಆಗಲೇ ಸಂಶಯಕ್ಕೆ ಎಡೆ ಇತ್ತು: ಆನ್ ಎಂದು ಕಾಣುತ್ತಿದೆ, ಅಂದರೆ ಆನ್ ಆಗಿದೆಯೋ, ಆ ಕಡೆ ಜಾರಿಸಿದರೆ ಆನ್ ಆಗುತ್ತದೆಯೋ? 2013ರಲ್ಲಿ ಅಕ್ಷರವನ್ನೇ ತೆಗೆದು ಬರೀ ಹಸಿರು ಬಣ್ಣ ಉಳಿಸಿದರು. ಬೇಕಾದವರು ಸೆಟ್ಟಿಂಗಿನಲ್ಲಿ ಹುಡುಕಿ ಒಂದು ಗೆರೆ, ಒಂದು ಸೊನ್ನೆ ತರಿಸಿಕೊಳ್ಳಬಹುದು. ಆ ಗೆರೆ ಮತ್ತು ಸೊನ್ನೆ ಎಲ್ಲಾ ದೇಶದ ಯಂತ್ರಗಳ ಮೇಲೂ ಇರುವ ಗುರುತು. ಭಾಷೆ ಬಾರದವರಿಗೂ ತಿಳಿಯಲಿ ಎಂದು ಮಾಡಿದ್ದು. ನಮ್ಮ ಹಳ್ಳಿಯವರಿಗೆ ಸೊನ್ನೆ ತಿಳಿಯುತ್ತದೆ: ಏನೂ ಇಲ್ಲ. ಗೆರೆಯನ್ನು ಮಾತ್ರ ಅವರು ಅಡ್ಡಿ ಅಂತಲೂ ಓದುತ್ತಾರೆ.

“ಹಾಡು ಹಚ್ಚೋ ಗುಂಡಿ ನೋಡಪ್ಪಾ” ಅಂದಳು ಮಗಳು. “ಹಾಡು ನಡದಾಗ ನಿಲ್ಲಿಸೋ ಎರಡು ಗೆರಿ ತೋರಸ್ತದ. ನಿಂತಾಗ ಹಚ್ಚೋ ತ್ರಿಕೋನ ತೋರಸ್ತದ. ಅಲ್ಲಿ ಯಾರಿಗೂ ಗೊಂದಲ ಆಗಂಗಿಲ್ಲ.”

“ಹಾಡು ಕಿವಿಗೆ ಕೇಳ್ತದಲ್ಲವ್ವ” ಅಂದೆ.

ಅವಳು ಒಂದು ಕ್ಷಣ ಸುಮ್ಮನಾದಳು. ಈ ಮಾತಿಗೆ ನಾನು ನಲವತ್ತು ವರ್ಷದ ಕಸುಬಿನಿಂದ ಬಂದಿದ್ದೆ. ಸಪ್ಪಳ ಇರುವಲ್ಲಿ ಗುಂಡಿ ಬರೀ ಅಪ್ಪಣೆ ತೋರಿಸಿದರೂ ನಡೆಯುತ್ತದೆ, ಸ್ಥಿತಿಯನ್ನು ಕಿವಿ ನೋಡಿಕೊಳ್ಳುತ್ತದೆ. ಡೀಸೆಲ್ ಇಂಜಿನ್ನಿಗೆ ದೀಪ ಬೇಕಾಗಲಿಲ್ಲ. ಬೋರಿನ ಮೋಟಾರಿಗೆ ಬೇಕಾಯಿತು. 2020ರಲ್ಲಿ ಮೊಮ್ಮಗ ಫೋನಿನಲ್ಲಿ ಪಾಠ ಕೇಳುವಾಗ ಇದೇ ಕಷ್ಟ ಬಂದಿತ್ತು. ಮೈಕಿನ ಚಿತ್ರದ ಮೇಲೆ ಅಡ್ಡ ಗೆರೆ. ಅದರ ಕೆಳಗೆ ‘ಅನ್‌ಮ್ಯೂಟ್’ ಎಂಬ ಅಕ್ಷರ. ಚಿತ್ರ ಹೇಳುವುದು ಸ್ಥಿತಿ: ಮೈಕು ಬಂದ್ ಅದ. ಅಕ್ಷರ ಹೇಳುವುದು ಅಪ್ಪಣೆ: ಒತ್ತಿದರೆ ಚಾಲೂ ಆಗುತ್ತದೆ. ಒಂದೇ ಗುಂಡಿಯಲ್ಲಿ ಮೇಲಿನದು ಒಂದು ಮಾತು, ಕೆಳಗಿನದು ಇನ್ನೊಂದು. ನಮ್ಮ ದನಿ ಆ ಕಡೆ ಮುಟ್ಟಿತೋ ಇಲ್ಲವೋ ನಮ್ಮ ಕಿವಿಗೆ ಗೊತ್ತಾಗುವುದಿಲ್ಲ. ಅದಕ್ಕೇ ಇಡೀ ದೇಶ ಆ ವರ್ಷ “ಕೇಳ್ಸಲತ್ತದೇನ್ರಿ?” ಎಂದು ಕೂಗಿ ಕೂಗಿ ಕೇಳಿತು.

ಮಗಳು ಜೆಫ್ ರಾಸ್ಕಿನ್ ಎಂಬವರ ಹೆಸರು ಹೇಳಿದಳು. ಆಪಲ್‌ನಲ್ಲಿ ಮ್ಯಾಕಿಂಟೋಷ್ ಕೆಲಸ ಶುರು ಮಾಡಿದವರು. 2000ದಲ್ಲಿ ಬಂದ ‘ದಿ ಹ್ಯೂಮೇನ್ ಇಂಟರ್‌ಫೇಸ್’ ಎಂಬ ಪುಸ್ತಕದಲ್ಲಿ ಅವರು ಒಂದು ಬ್ಯಾಟರಿಯ ಮಾತು ತೆಗೆಯುತ್ತಾರಂತೆ. ಚೀಲದ ತಳದಲ್ಲಿ ಬ್ಯಾಟರಿ ಇದೆ. ಕೈ ಹಾಕಿ ಅದರ ಗುಂಡಿ ಒತ್ತಿದರೆ ಹತ್ತಿತೋ ಆರಿತೋ ಕಣ್ಣಿಂದ ನೋಡದೆ ತಿಳಿಯುವುದಿಲ್ಲ. ನಮ್ಮ ಬೋರೂ ಅಂಥದೇ ಚೀಲ, ನಾನೂರು ಅಡಿ ಆಳದ್ದು.

ಇದಕ್ಕಿಂತ ನನ್ನನ್ನು ತಟ್ಟಿದ್ದು ಅಮೆರಿಕದ ಥ್ರೀ ಮೈಲ್ ಐಲೆಂಡ್ ಅಣು ವಿದ್ಯುತ್ ಸ್ಥಾವರದ ಸಂಗತಿ. 1979ರ ಮಾರ್ಚ್ 28ರ ನಸುಕು. ನಾನು ಅಂಗಡಿ ಹಾಕಿದ ವರ್ಷವೇ. ಒಂದು ವಾಲ್ವ್ ತೆರೆದುಕೊಂಡು ಮುಚ್ಚಬೇಕಿತ್ತು, ಮುಚ್ಚಲಿಲ್ಲ. ಕೋಣೆಯಲ್ಲಿ ಕೂತವರ ಮುಂದೆ ಅದರ ದೀಪ ಆರಿತ್ತು. ಆ ದೀಪವನ್ನು ಜೋಡಿಸಿದ್ದು ವಾಲ್ವಿಗೆ ಅಲ್ಲ, ವಾಲ್ವಿಗೆ ಹೋಗುವ ಅಪ್ಪಣೆಗೆ. ‘ಮುಚ್ಚು’ ಎಂದು ಹೇಳಿಯಾಗಿದೆ ಅನ್ನುವುದನ್ನು ಅದು ತೋರಿಸಿತು. ಅವರು ‘ಮುಚ್ಚಿದೆ’ ಎಂದು ಓದಿದರು. ಎರಡು ತಾಸಿಗೂ ಹೆಚ್ಚು ಹೊತ್ತು ನೀರು ಸೋರಿ, ಒಳಗಿನ ಉರಿಗೆ ತಂಪಿಲ್ಲದೆ ಇಂಧನ ಕರಗಿತು. ಇದನ್ನು ಕೇಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನನ್ನ ಪ್ಯಾನೆಲ್ಲುಗಳಲ್ಲೂ ಓಡುವ ದೀಪಕ್ಕೆ ತಂತಿ ಎಳೆದದ್ದು ಕಾಂಟ್ಯಾಕ್ಟರಿನಿಂದ. ಕೇಬಲ್ ಕಡಿದು ಮೋಟಾರ್ ನಿಂತರೂ ಆ ದೀಪ ಉರಿಯುತ್ತಲೇ ಇರುತ್ತದೆ.

ಫೋನಿನಿಂದ ಮೋಟಾರ್ ನಡೆಸುವುದು ಶುರುವಾದಾಗ ಹೀಗಿರಲಿಲ್ಲ. ಪುಣೆಯ ಸಂತೋಷ ಓಸ್ತವಾಲ್ ಅವರ ‘ನ್ಯಾನೋ ಗಣೇಶ’ ಮುಂತಾದ ಮೊದಲ ಪೆಟ್ಟಿಗೆಗಳು ಸಾದಾ ಗುಂಡಿ ಫೋನಿಗೆ ಮಾಡಿದವು. ಹೊಲಕ್ಕೆ ಫೋನ್ ಹಚ್ಚಿದರೆ ಕರೆಂಟ್ ಇದೆಯೇ ಎಂಬುದನ್ನು ಕಿವಿಗೆ ಸಪ್ಪಳದಲ್ಲಿ ತಿಳಿಸುತ್ತಿದ್ದವು. ಅಪ್ಪನ ಇಂಜಿನ್ನಿನ ಹಾಗೆ ಅದೂ ಕೇಳುವ ಸಂಗತಿ. ದೊಡ್ಡ ಪರದೆಯ ಫೋನ್ ಬಂದ ಮೇಲೆ ಸಪ್ಪಳ ಹೋಗಿ ಚಿತ್ರ ಬಂತು.

ಅಳಿಯನ ಮೋಟಾರನ್ನು ಎಂಟು ದಿನದಲ್ಲಿ ಹೊಸದಾಗಿ ಸುತ್ತಿ ಕೊಟ್ಟೆ, ಕೂಲಿ ಹಿಡಿಯಲಿಲ್ಲ. ಬೋರಿಗೆ ಇಳಿಸುವ ದಿನ ನಾನೇ ಆಳಂದ ಕಡೆ ಹೋದೆ. ಡಬ್ಬಿಯಲ್ಲಿ ಬಿಳಿ ಪೇಂಟು, ಒಂದು ಸಣ್ಣ ಕುಂಚ. ಸ್ಟಾರ್ಟರಿನ ಹಸಿರು ಗುಂಡಿಯ ಪಕ್ಕದಲ್ಲಿ ‘ಒತ್ತಿದ್ರ ಚಾಲೂ ಆಗ್ತದ’ ಎಂದು ಬರೆದೆ. ಕೆಂಪಿನ ಪಕ್ಕದಲ್ಲಿ ‘ಒತ್ತಿದ್ರ ನಿಲ್ತದ’. ಆಂಪಿಯರ್ ಮೀಟರಿನ ಗಾಜಿನ ಮೇಲೆ, ಮುಳ್ಳು ಬಂದು ನಿಲ್ಲಬೇಕಾದ ಕಡೆ ಒಂದು ಗೆರೆ ಎಳೆದು, ಅದರ ಮೇಲೆ ‘ಇಲ್ಲಿ ಇದ್ರ ಓಡ್ಲತ್ತದ’ ಎಂದು ಬರೆದೆ. ನೀರಿಲ್ಲದೆ ಓಡಿದರೆ ಆ ಮುಳ್ಳು ಗೆರೆಯ ಕೆಳಗೆ ಇಳಿಯುತ್ತದೆ. ಆ ಜಾಗಕ್ಕೆ ‘ನೀರಿಲ್ಲ, ನಿಲ್ಲಸು’ ಎಂದು ಬರೆದೆ. ಮೀಟರು ಮೋಟಾರಿನ ತಂತಿಯಲ್ಲೇ ಇರುವುದರಿಂದ ಅದು ಅಪ್ಪಣೆಯ ಮಾತು ಆಡುವುದಿಲ್ಲ, ನಿಜವಾಗಿ ಹರಿಯುವುದನ್ನೇ ಹೇಳುತ್ತದೆ. ಮಗಳಿಗೆ ಫೋಟೋ ಕಳಿಸಿದೆ. ಅವಳು ತನ್ನ ಕಚೇರಿಯ ಮೇಜಿನ ಮುಂದೆ ಅಂಟಿಸಿಕೊಂಡಿದ್ದೇನೆ ಅಂದಳು. ಅವರ ತಂಡ ಈಗ ಗುಂಡಿ ಒಂದು ಕಡೆ, ಸ್ಥಿತಿ ತೋರಿಸುವ ಸಾಲು ಇನ್ನೊಂದು ಕಡೆ ಇಡುತ್ತದಂತೆ.

ಆ ಆಪನ್ನು ಅಳಿಯ ತೆಗೆದುಹಾಕಿಲ್ಲ, ದೂರದಿಂದ ಬಂದ್ ಮಾಡಲು ಬೇಕಾಗುತ್ತದೆ. ಆದರೆ ಊರಿನ ಹೊರಗೆ ಇದ್ದಾಗ ಮೊದಲು ಪಕ್ಕದ ಹೊಲದ ಗೌಡರಿಗೆ ಫೋನ್ ಹಚ್ಚುತ್ತಾನೆ. “ಕಾಕಾರ, ಜರಾ ನಮ್ಮ ಪೈಪಿನ ತನಕ ಹೋಗ್ತೀರೇನ್ರಿ?” ಅನ್ನುತ್ತಾನೆ. ಅವರು ಬದುವಿನ ಮೇಲೆ ನಡೆದು ಹೋಗಿ, ಮಾತಾಡದೆ, ಫೋನನ್ನು ಪೈಪಿನ ಬಾಯಿಗೆ ಹಿಡಿಯುತ್ತಾರೆ. ಇವನು ಕಲಬುರಗಿಯ ಬಸ್ ನಿಲ್ದಾಣದಲ್ಲಿ ಒಂದು ಕಿವಿ ಮುಚ್ಚಿಕೊಂಡು, ಇನ್ನೊಂದು ಕಿವಿಯಲ್ಲಿ ನೀರು ಬೀಳುವ ಸಪ್ಪಳ ಕೇಳುತ್ತಾನೆ.